ಯೂನಿವರ್ಸಿಟಿ ಸರ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕಿನ ಜನ ರಾಜಕೀಯದಲ್ಲಿ ಒಂದಾಗದಿದ್ದರೂ ಒಂದು ಮಾತಿಗೆ ಎಲ್ಲರದೂ ಸಹಮತ: ಯೂನಿವರ್ಸಿಟಿಯಲ್ಲಿ ಸಂಬಳ ಎಣಿಸುವವರೆಲ್ಲ ಪ್ರೊಫೆಸರುಗಳೇ. ನಾನು ಪರೀಕ್ಷಾ ವಿಭಾಗದ ಪ್ರಥಮ ದರ್ಜೆ ಸಹಾಯಕ. ಬೆಳಿಗ್ಗೆ ಟಪಾಲು ಒಡೆದು, ಮಧ್ಯಾಹ್ನ ಟಿಪ್ಪಣಿ ಬರೆದು, ಸಂಜೆ ‘ಆದೇಶಕ್ಕಾಗಿ ಮಂಡಿಸಿದೆ’ ಎಂದು ಕಡತವನ್ನು ಮೇಲಕ್ಕೆ ಸಾಗಹಾಕುವುದು ನನ್ನ ವೃತ್ತಿ. ಪಾಠ ಅಂತ ಮಾಡಿದ್ದು ಮನೆಯಲ್ಲಿ ಮಗನಿಗೆ ಮಗ್ಗಿ ಮಾತ್ರ. ಅದನ್ನೂ ಅವನು ಟ್ಯೂಷನ್ನಿಗೆ ಹೋಗಿ ಸರಿಮಾಡಿಕೊಂಡ.

ಆದರೆ ಈ ತಪ್ಪು ತಿಳಿವಳಿಕೆಯಿಂದ ನನಗೆ ಆಗಿರುವ ಲಾಭ ಕಡಿಮೆಯದಲ್ಲ. ಕೊಟ್ಟೂರಿನ ಮಿರ್ಚಿ ಅಂಗಡಿಯಲ್ಲಿ ನನ್ನ ಮಂಡಕ್ಕಿ ತಟ್ಟೆಗೆ ಕೇಳದೆಯೇ ಇನ್ನೊಂದು ಮಿರ್ಚಿ ಬೀಳುತ್ತದೆ. ಕೂಡ್ಲಿಗಿ ಕಡೆಯ ಸಂಬಂಧಿಕರ ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಸಾಲಿನ ಮೊದಲಿಗೇ ನನ್ನ ಹೆಸರು, ಅದರ ಹಿಂದೆ ‘ಪ್ರೊ.’ ನನ್ನ ಮದುವೆಯೂ ಅದೇ ಬಲದ ಮೇಲೆ ಆಯಿತು. “ಹುಡುಗ ಯೂನಿವರ್ಸಿಟಿಯಾಗ ಅದಾನ್ರೀ” ಎಂದು ಅವ್ವ ಹೇಳಿದಳು. ಏನಾಗಿದ್ದಾನೆ ಎಂದು ಹೆಣ್ಣಿನ ಕಡೆಯವರು ಕೇಳಲಿಲ್ಲ, ಅವ್ವ ಹೇಳಲಿಲ್ಲ. 2006ರ ಏಪ್ರಿಲ್ 1ರಿಂದ ಈಚೆಗೆ ನೌಕರಿಗೆ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ, ಎನ್‌ಪಿಎಸ್ ಮಾತ್ರ ಎಂಬುದು ಮಾವನವರಿಗೆ ತಿಳಿಯುವ ಹೊತ್ತಿಗೆ ಅಕ್ಷತೆ ಬಿದ್ದಾಗಿತ್ತು. ಹಡಗಲಿಯ ಗೆಳೆಯರು ಬರುವಾಗ ಮಲ್ಲಿಗೆ ಮೊಗ್ಗು ತರುತ್ತಾರೆ. ನನ್ನ ನೌಕರಿಯ ಲಾಭಗಳಲ್ಲಿ ಹೆಂಡತಿ ತಕರಾರಿಲ್ಲದೆ ಒಪ್ಪಿದ ಬಾಬತ್ತು ಇದೊಂದೇ.

ಇನ್ನು ನಷ್ಟ. ಅದು ರಜೆಯಿಂದಲೇ ಶುರು. ಬೇಸಿಗೆ ರಜೆ ಬೋಧಕರಿಗೆ. ನಮಗೆ ಅದರ ಬದಲು ವರ್ಷಕ್ಕೆ 30 ಗಳಿಕೆ ರಜೆ, ಅದೂ ಸಾಹೇಬರು ಸಹಿ ಹಾಕಿದರೆ. ಕಾಲೇಜುಗಳಿಗೆ ಬೀಗ ಬಿದ್ದಾಗಲೇ ಪರೀಕ್ಷಾ ವಿಭಾಗದಲ್ಲಿ ಉತ್ತರ ಪತ್ರಿಕೆಯ ಬಂಡಲುಗಳ ಜಾತ್ರೆ. “ನಿಮಗೇನ್ರೀ, ಎರಡು ತಿಂಗಳು ಆರಾಮ” ಎಂದು ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಅಂದರೆ ಹೊಟ್ಟೆಯೊಳಗೆ ಮಿರ್ಚಿ ಇಲ್ಲದೆಯೂ ಉರಿಯುತ್ತದೆ.

ಫಲಿತಾಂಶ ಬಂದ ದಿನವಂತೂ ಕೇಳಬೇಡಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಸಾಲಿನ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಅದರ ಅರ್ಥವನ್ನು ರಾಜ್ಯವೇ ಕೂತು ಬಿಡಿಸುತ್ತದೆ. ಮೊಬೈಲಿನಲ್ಲಿ ಮೂಡುವ ‘ವಿತ್‌ಹೆಲ್ಡ್’ ಎಂಬ ಪದವೂ ಅದೇ ಜಾತಿಯದು. ಫೇಲೋ, ಪಾಸೋ, ಫೀಸು ಬಾಕಿಯೋ? ಅರ್ಥ ಹೇಳಲು ನನಗೇ ಫೋನು. 2021ರಲ್ಲಿ ಹೊಸ ಶಿಕ್ಷಣ ನೀತಿ ರಾಜ್ಯದಲ್ಲಿ ಜಾರಿಗೆ ಬಂದು ನಾಲ್ಕು ವರ್ಷದ ಡಿಗ್ರಿಯ ಮಾತಾಯಿತು, 2024ರಲ್ಲಿ ಮತ್ತೆ ಮೂರಕ್ಕೇ ಇಳಿಯಿತು. ಎರಡನ್ನೂ ನಾನೇ ಮಾಡಿಸಿದ್ದು ಎಂದು ನಮ್ಮ ಚಿಕ್ಕಪ್ಪ ಇವತ್ತಿಗೂ ನಂಬಿದ್ದಾರೆ. “ಏ ತಮ್ಮಾ, ಒಂದು ಸಲ ಸರಿಯಾಗಿ ವಿಚಾರ ಮಾಡಿ ಮಾಡಬಾರದೇನೋ?”

ಹಳೇ ವಿದ್ಯಾರ್ಥಿಗಳ ಕಥೆಯೇ ಬೇರೆ. ಬಳ್ಳಾರಿಯಲ್ಲಿ ನಮ್ಮ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಹುಟ್ಟಿದ್ದು 2010ರಲ್ಲಿ. ಅದಕ್ಕೂ ಮುಂಚೆ ಜಿಲ್ಲೆಯ ಕಾಲೇಜುಗಳು ಗುಲಬರ್ಗಾ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಆಗ ಓದಿದವರ ದಾಖಲೆ ಕಲಬುರಗಿಯಲ್ಲಿದೆ ಎಂದರೆ, ಕೆಲಸ ತಪ್ಪಿಸಿಕೊಳ್ಳಲು ಊರು ತೋರಿಸುತ್ತಿದ್ದೇನೆ ಅಂತಲೇ ಅನುಮಾನ.

ಹರಪನಹಳ್ಳಿಯದು ಇನ್ನೂ ಸೋಜಿಗ. ಆ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಅಲ್ಲಿಂದ ಒಬ್ಬ ಹಿರಿಯರು ಮಗಳ ಕಾಗದಗಳನ್ನು ಬಟ್ಟೆ ಅಂಗಡಿಯ ಕ್ಯಾರಿಬ್ಯಾಗಿನಲ್ಲಿ ಸುತ್ತಿಕೊಂಡು ಬಂದಿದ್ದರು. ಒಂದೊಂದನ್ನೇ ಮೇಜಿನ ಮೇಲೆ ಹರವಿ, ಅಂಗೈಯಿಂದ ಮಡಿಕೆ ತೀಡಿದರು. ಜನನ ಪ್ರಮಾಣಪತ್ರದಲ್ಲಿ ಬಳ್ಳಾರಿ, ಟಿ.ಸಿ.ಯಲ್ಲಿ ದಾವಣಗೆರೆ, ಆಧಾರಿನಲ್ಲಿ ವಿಜಯನಗರ.

“ಯಜಮಾನ್ರೇ, ಇಷ್ಟು ಸಲ ಊರು ಬಿಟ್ಟೀರೇನು?” ಎಂದೆ.

“ಇಲ್ರೀ ಸರ್ರಾ, ನಾವು ಕಟ್ಟಿ ಬಿಟ್ಟು ಇಳಿದಿಲ್ಲ. ಜಿಲ್ಲೇನ ಬಂದು ಬಂದು ಹೋಗ್ಯಾವ.”

ಅವತ್ತಿನಂಥ ಟಿಪ್ಪಣಿಯನ್ನು ನಾನು ಇಡೀ ಸರ್ವಿಸಿನಲ್ಲಿ ಮತ್ತೊಂದು ಬರೆದಿಲ್ಲ. ಅವರ ಮಾತನ್ನೇ ಕಚೇರಿ ಭಾಷೆಗೆ ತಿರುವಿ, ಸರ್ಕಾರದ ಅಧಿಸೂಚನೆ ಲಗತ್ತಿಸಿ ಮಂಡಿಸಿದೆ. ಒಂದೂ ಪ್ರಶ್ನೆ ಹಾಕದೆ ಕಡತ ಸಹಿಯಾಗಿ ಬಂತು.

ಹಾಗಾಗಿ ನನ್ನ ತೀರ್ಪು ಇಷ್ಟು: ಈ ನೌಕರಿಯ ಲಾಭ-ನಷ್ಟ ಎರಡೂ ಹುಟ್ಟುವುದು ನಾನು ಏನು ಕೆಲಸ ಮಾಡುತ್ತೇನೆಂದು ಜನಕ್ಕೆ ಗೊತ್ತಿಲ್ಲದಿರುವುದರಿಂದ. ಗೊತ್ತುಮಾಡಿದರೆ ಫೋನು ನಿಲ್ಲುತ್ತವೆ, ಜೊತೆಗೆ ಮಿರ್ಚಿಯೂ ನಿಲ್ಲುತ್ತದೆ. ಲೆಕ್ಕ ಹಾಕಿ ನೋಡಿ ಸುಮ್ಮನಿದ್ದೇನೆ.

ಐದೂ ತಾಲ್ಲೂಕಿನ ಬಂಧುಗಳಲ್ಲಿ ಒಂದು ವಿನಂತಿ. ಅಂಕಪಟ್ಟಿಯಲ್ಲಿ ಹೆಸರು, ಇನಿಶಿಯಲ್ಲು ತಪ್ಪಿದ್ದರೆ ಅದು ಕೈಗೆ ಬಂದ ದಿನವೇ ನೋಡಿಕೊಳ್ಳಿ. ಇಂಟರ್‌ವ್ಯೂ ಹಿಂದಿನ ರಾತ್ರಿ ಬೇಡ. ಅರ್ಜಿಯಲ್ಲಿ ರಿಜಿಸ್ಟರ್ ನಂಬರ್ ಬರೆಯಿರಿ. ‘ನಮ್ಮ ಹುಡುಗಿ, ಕೊಟ್ಟೂರು ಕಡೆಯವಳು, ಸ್ವಲ್ಪ ನೋಡ್ರಿ’ ಎಂದಷ್ಟೇ ಬರೆದರೆ ಹುಡುಕಿ ತೆಗೆಯುವ ವಿದ್ಯೆಯನ್ನು ಯಾವ ವಿಶ್ವವಿದ್ಯಾಲಯವೂ ಇನ್ನೂ ಕಲಿಸುತ್ತಿಲ್ಲ.