ಬಿಡಿಭಾಗ ಕಾಪಾಡುವ ಕೈಪಿಡಿ

ಕೊಳಗಲ್ಲಿನ ಹಿಟ್ಟಿನ ಗಿರಣಿಗೂ ಸಿರುಗುಪ್ಪದ ಅಕ್ಕಿ ಮಿಲ್ಲಿಗೂ ಅನ್ವಯಿಸುತ್ತದೆ.

1. ಮೊದಲ ನಿಯಮ: ಯಂತ್ರ ತಿರುಗುತ್ತಿರುವಾಗ ಬಿಡಿಭಾಗದ ಮಾತೆತ್ತಬೇಡಿ, ಅಪಶಕುನ. ಸುಗ್ಗಿ ಬಂದು ಭತ್ತದ ಚೀಲ ಅಂಗಳ ತುಂಬಿದ ಮೇಲೆ ತಾನಾಗಿಯೇ ನೆನಪಾಗುತ್ತದೆ.

2. ಬೇರಿಂಗ್: ಹೊಸದನ್ನು ಕೂರಿಸಿದ ಮೇಲೆ ಅದರ ಡಬ್ಬಿಯಲ್ಲಿ ಹಳೆಯದನ್ನು ಹಾಕಿ ಕಪಾಟಿಗೆ ಏರಿಸಿ. 'ಸ್ಟಾಕ್ ಇದೆ' ಎಂಬ ನೆಮ್ಮದಿ ವರ್ಷವಿಡೀ ಉಳಿಯುತ್ತದೆ. ನಂಬರಂತೂ ಬರೆದಿಡಲೇಬೇಡಿ. 6205 ಎಂದಿದ್ದರೆ ಕೊನೆಯ 05ನ್ನು ಐದರಿಂದ ಗುಣಿಸಿದರಾಯಿತು, ಒಳತೂತು 25 ಮಿ.ಮೀ. ಇಷ್ಟು ಗೊತ್ತಾದರೆ ಬಳ್ಳಾರಿಯ ಅಂಗಡಿಯಲ್ಲಿ ಎರಡು ಬೆರಳು ಸೇರಿಸಿ 'ಇಷ್ಟು ದಪ್ಪದ್ದು ಕೊಡಣ್ಣ' ಎನ್ನುವ ಸೊಗಸೇ ಹೋಯಿತು.

3. ಬೆಲ್ಟು: ನಾಲ್ಕು ಬೆಲ್ಟಿನ ಪುಲ್ಲಿಯಲ್ಲಿ ಒಂದು ಹರಿದರೆ ಒಂದನ್ನೇ ಬದಲಿಸಿ. ಹಳೆಯ ಮೂರು ಜಗ್ಗಿ ಸಡಿಲವಾಗಿರುತ್ತವೆ. ಎಳೆತವೆಲ್ಲ ಹೊಸದರ ಪಾಲು, ಕೂಡುಕುಟುಂಬಕ್ಕೆ ಬಂದ ಹೊಸ ಸೊಸೆಯ ಹಾಗೆ. ಅದು ಬೇಗ ಹರಿದಾಗ 'ಈಗಿನ ಮಾಲೇ ಸರಿಯಿಲ್ಲ' ಎನ್ನಿ.

4. ರಬ್ಬರ್ ರೋಲ್: ಭತ್ತದ ಸಿಪ್ಪೆ ಬಿಡಿಸುವ ಜೋಡಿಯಲ್ಲಿ ಒಂದರ ವೇಗ ಹೆಚ್ಚು, ಸವೆತವೂ ಹೆಚ್ಚು. ಆಗಾಗ ಅದಲುಬದಲು ಮಾಡಿದರೆ ಎರಡೂ ಸಮನಾಗಿ ಸವೆಯುತ್ತವೆ. ಆ ಉಸಾಬರಿ ನಿಮಗೇಕೆ? ಹೊಸ ಜೋಡಿಯನ್ನು ತಗಡಿನ ಮಾಡಿನ ಕೆಳಗಿಡಿ. ನಮ್ಮ ಬೇಸಿಗೆಯ ಕಾವಿಗೆ ರಬ್ಬರು ಗಟ್ಟಿಯಾಗಿ, ಕೆಲಸಕ್ಕೆ ಇಳಿಯುವ ಮೊದಲೇ ಮುದಿಯಾಗುತ್ತದೆ.

5. ದೊಡ್ಡ ಯಂತ್ರ: ಬಿಡಿಭಾಗದ ಮರೆವು ಗಿರಣಿಯವರದ್ದಷ್ಟೇ ಎಂದು ನಾಚಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಬದಲಿಗೆ ಇಳಿಸಿ ನೀರು ತಡೆಯುವ ಸ್ಟಾಪ್‌ಲಾಗ್ ಸಿದ್ಧವಿರಲಿಲ್ಲ. ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಅದನ್ನು ತುಂಡುತುಂಡಾಗಿ ಮಾಡಿಸಿ, ಹರಿವ ನೀರಿಗೇ ಇಳಿಸಿ, ವಾರದೊಳಗೆ ಗೇಟಿನ ಬಾಯಿ ಮುಚ್ಚಿದರು. ಅಷ್ಟರಲ್ಲಿ ಹತ್ತಾರು ಟಿಎಂಸಿ ನೀರು ಹೊಳೆ ಪಾಲಾಗಿತ್ತು. ಆ ನೀರಿಲ್ಲದೆ ಭತ್ತವಿಲ್ಲ; ಭತ್ತವಿಲ್ಲದಿದ್ದರೆ ಮಿಲ್ಲಿಗೆ ಬೇರಿಂಗೂ ಬೇಡ.

6. ಖರೀದಿ: 'ಇದಕ್ಕೆಷ್ಟು ರೂಪಾಯಿ?' ಎಂದಷ್ಟೇ ಕೇಳಿ. 'ಇದಿಲ್ಲದಿದ್ದರೆ ಎಷ್ಟು ದಿನ ನಿಲ್ಲಬೇಕು?' ಎಂದು ಕೇಳಿದಿರೋ, ಕೊಳ್ಳಲೇಬೇಕಾಗುತ್ತದೆ.

ಎಚ್ಚರಿಕೆ: ಕಪಾಟಿನ ಆ ಡಬ್ಬಿಯನ್ನು ಇವತ್ತು ತೆರೆಯಬೇಡಿ. ಒಳಗಿನದು ಕಂಡರೆ ಬಳ್ಳಾರಿ ಬಸ್ಸು ಹತ್ತಬೇಕಾದೀತು. ಅದೂ ಅಂಗಡಿ ತೆರೆದಿರುವ ಹೊತ್ತಿನಲ್ಲಿ.