ಶುದ್ಧ ಬೇಸ್ ಪಡೆಯುವ ವಿಧಾನ: ಯಾದಗಿರಿ ಜಿಲ್ಲೆಗೆ ಮಾತ್ರ ಅನ್ವಯ

ಯಾದಗಿರಿ, ಶಹಾಪುರ, ಸುರಪುರ ಕಡೆಯ ಜಾತ್ರೆ, ಗಣೇಶೋತ್ಸವ, ಮದುವೆಗಳ ರಸಮಂಜರಿಯಲ್ಲಿ ಬೇಸ್ ಗಿಟಾರ್ ನುಡಿಸುವವರಿಗಾಗಿ ಈ ಕೈಪಿಡಿ. ಬೇರೆ ಜಿಲ್ಲೆಯವರೂ ಓದಬಹುದು. ಪರಿಣಾಮಕ್ಕೆ ನಾವು ಹೊಣೆಯಲ್ಲ. ಬೇಕಾಗುವ ಸಾಮಾನು: ನಾಲ್ಕು ತಂತಿಯ ಬೇಸ್ ಒಂದು, ಕೇಬಲ್ ಎರಡು, ಪೆಡಲ್ ಆದಷ್ಟು ಕಡಿಮೆ, ನೀರು ಒಂದು ಕೊಡ.

ನೀರು ಕುಡಿಯಲಿಕ್ಕಲ್ಲ. ವೇದಿಕೆಗೆ ಕರೆಂಟ್ ಎಲ್ಲಿಂದ ಎಳೆದಿದ್ದಾರೆ, ಅಲ್ಲಿನ ಅರ್ಥಿಂಗ್ ಗುಂಡಿ ಎಲ್ಲಿದೆ ಎಂದು ಮೊದಲು ವಿಚಾರಿಸಿ. ಉಪ್ಪು, ಇದ್ದಿಲು ತುಂಬಿದ ಆ ಗುಂಡಿ ಕೆಲಸ ಮಾಡುವುದೇ ಮಣ್ಣಿನ ಹಸಿಯಿಂದ. ನಮ್ಮಲ್ಲಿ ಬೇಸಿಗೆಯ ಬಿಸಿಲು 42 ಡಿಗ್ರಿ ದಾಟುತ್ತದೆ. ಗುಂಡಿ ಒಣಗಿದರೆ ಅರ್ಥ್ ಇದ್ದೂ ಇಲ್ಲ. ಆಗ ಆಂಪ್ಲಿಫೈಯರ್ ಗುಂಯ್ ಎನ್ನುತ್ತದೆ, ತಂತಿ ಮುಟ್ಟಿದ ಕೈ ಜುಮ್ ಎನ್ನುತ್ತದೆ. ಲೈನ್‌ಮನ್‌ಗೆ ಚಹಾ ಕುಡಿಸಿ, ಗುಂಡಿಗೆ ಕೊಡ ನೀರು ಹಾಕಿಸಿ. ಸಾವಿರಾರು ರೂಪಾಯಿಯ ನಾಯ್ಸ್ ಗೇಟ್ ಪೆಡಲ್ ಕೊಳ್ಳುವ ಮಾತು ಆಮೇಲೆ. ಪ್ಲಗ್ಗಿನ ಮೂರನೇ ಪಿನ್ ಕಿತ್ತರೆ ಗುಂಯ್ ನಿಲ್ಲುತ್ತದೆ ಎನ್ನುವ ಪಂಡಿತರು ಊರಿಗೊಬ್ಬರಿದ್ದಾರೆ. ಕೈಯಲ್ಲಿ ಗಿಟಾರ್ ಹಿಡಿದು, ಮೈಕಿಗೆ ತುಟಿ ತಾಗಿಸಿ ಅವರೇ ಮೊದಲು ಒಂದು ಹಾಡು ಹಾಡಲಿ.

ಇಷ್ಟಾದರೂ ಗುಂಯ್ ಹೋಗದಿದ್ದರೆ ಅದರ ಜೊತೆ ಸಂಸಾರ ಮಾಡಿ. ನಮ್ಮ ಕರೆಂಟ್ 50 ಹರ್ಟ್ಸ್. ಬೇಸಿನ ದಪ್ಪ ಇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್. ಅಂದರೆ ತಂತಿಕಂಬದ ಶ್ರುತಿ ಜಿ, ಕೊಂಚ ಏರಿದ್ದು. ಅದನ್ನೇ ಶ್ರುತಿಪೆಟ್ಟಿಗೆ ಅಂದುಕೊಂಡು ಆ ರಾತ್ರಿಯ ಹಾಡುಗಳನ್ನೆಲ್ಲ ಜಿಗೆ ತರಲು ಕೀಬೋರ್ಡಿನವರಿಗೆ ಹೇಳಿ. ಗಾಯಕಿ ಒಪ್ಪುವುದಿಲ್ಲ, ಆ ಮಾತು ಬೇರೆ. ಜನರೇಟರ್ ಮೇಲೆ ಕಾರ್ಯಕ್ರಮ ನಡೆದಿದ್ದರೆ ಈ ಸಲಹೆ ರದ್ದು: ಹ್ಯಾಲೊಜನ್ ದೀಪಗಳನ್ನೆಲ್ಲ ಒಮ್ಮೆಗೇ ಹಾಕಿದರೆ ಎಂಜಿನ್ ಏದುಸಿರು ಬಿಡುತ್ತದೆ, ಶ್ರುತಿಯೂ ಇಳಿಯುತ್ತದೆ.

ಈಗ ಪೆಡಲ್. ಟ್ಯೂನರ್, ಕಂಪ್ರೆಸರ್, ಡಿಐ ಬಾಕ್ಸ್. ನಾಲ್ಕನೆಯದರ ಆಸೆ ಬಂದರೆ ಗಿಟಾರ್ ಕೆಳಗಿಟ್ಟು ಒಂದು ಸುತ್ತು ಹೋಗಿ ಬನ್ನಿ. ಮೂರಕ್ಕೂ ಒಂದೇ ಅಗ್ಗದ ಅಡಾಪ್ಟರಿನಿಂದ ಕರೆಂಟ್ ಹಂಚಿದರೆ ಹೊರಗೆ ಹಾಕಿದ ಗುಂಯ್ ಹಿತ್ತಲ ಬಾಗಿಲಿಂದ ಒಳಗೆ ಬರುತ್ತದೆ. ಕಂಪ್ರೆಸರ್ ಇರುವುದು ಬೆರಳು ತಪ್ಪಿ ಜೋರು ಬಿದ್ದ ಸ್ವರವನ್ನು ತಗ್ಗಿಸಲಿಕ್ಕೆ; ರೇಷಿಯೊ 4:1 ಸಾಕು. ಡಿಐ ಬಾಕ್ಸ್ ನಿಮ್ಮ ಬಡಪಾಯಿ ಸಿಗ್ನಲ್ಲನ್ನು ಜನರ ಕಾಲಡಿಯ ಉದ್ದನೆ ಕೇಬಲ್ಲಿನಲ್ಲಿ ಕೆಡದಂತೆ ಮಿಕ್ಸರಿಗೆ ಮುಟ್ಟಿಸುತ್ತದೆ. ಅದರ ಮೇಲೆ ಗ್ರೌಂಡ್ ಲಿಫ್ಟ್ ಅಂತ ಒಂದು ಸ್ವಿಚ್ ಇದೆ. ಪಿನ್ ಕೀಳುವ ಪಂಡಿತರಿಗೆ ತೋರಿಸಿ.

ಗೇನ್ ಇಡುವಾಗ ಮೆಲ್ಲಗೆ ಮೀಟಬೇಡಿ. ಕುಣಿತದ ಹಾಡಿಗೆ ಎಷ್ಟು ಜೋರು ಬಾರಿಸುತ್ತೀರೋ ಅಷ್ಟೇ ಜೋರು ಬಾರಿಸಿ, ಕೆಂಪು ದೀಪ ಮಿನುಗುವವರೆಗೆ ಏರಿಸಿ, ಸ್ವಲ್ಪ ಇಳಿಸಿ ಕೈ ತೆಗೆಯಿರಿ. 250 ಹರ್ಟ್ಸಿನ ಸುತ್ತ ಕಡಿಮೆ ಮಾಡಿದರೆ ರಾಡಿ ತಿಳಿಯಾಗುತ್ತದೆ. 800ರ ಸುತ್ತ ತುಸು ಹೆಚ್ಚಿಸಿದರೆ ಬೆರಳು ಕೇಳುತ್ತದೆ. ಪರೀಕ್ಷೆಗೆ 1981ರ ‘ಗೀತಾ’ ಚಿತ್ರದ ಒಂದು ಹಾಡು ನುಡಿಸಿ. ಅದರ ಸಂಗೀತ ನಿರ್ದೇಶಕ ಇಳಯರಾಜ ಬೇಸಿಗೂ ಒಂದು ಹಾಡು ಕೊಟ್ಟವರು. ಸ್ವರ ಬಿಡಿಬಿಡಿಯಾಗಿ ಕೇಳಿದರೆ ಎಲ್ಲವೂ ಸರಿಯಿದೆ.

ಸರಿಯಿದೆ ಎನ್ನುವಷ್ಟರಲ್ಲಿ ಸೌಂಡಿನವರು ಬರುತ್ತಾರೆ. ‘ಅಣ್ಣಾ, ಬೇಸ್ ಕೇಳವಲ್ದು. ಎದಿಗಿ ಢಬ್ ಅಂತ ಬಡಿಬೇಕ್ರಿ’ ಎಂದು ಬೇಸ್ ನಾಬನ್ನು ಬಲಕ್ಕೆ ಪೂರ್ತಿ ತಿರುಗಿಸುತ್ತಾರೆ. ವಾದ ಬೇಡ. ಅವರ ಕಿವಿ ಡಿಜೆಯಲ್ಲಿ ಪಳಗಿದ್ದು. ಶಹಾಪುರದ ಗುಡ್ಡಗಳ ಆಕಾರದಲ್ಲಿ ಮಲಗಿದ ಬುದ್ಧ ಒಬ್ಬನೇ ಆ ಢಬ್ಬಿಗೆ ಇನ್ನೂ ಎದ್ದಿಲ್ಲ. ‘ಆಯ್ತಣ್ಣ’ ಎನ್ನಿ, ಅವರು ಚಹಾಕ್ಕೆ ಹೋದಾಗ ನಾಬನ್ನು ನಡುವಿಗೆ ತನ್ನಿ. ಬಂದು ಕೇಳಿ, ‘ಈಗ ಬಂತ್ ನೋಡ್ರಿ’ ಎನ್ನುತ್ತಾರೆ. ದೂರದ ಕಂಬಕ್ಕೆ ಕಟ್ಟಿದ ಅಲ್ಯುಮಿನಿಯಂ ಹಾರ್ನಿನ ಚಿಂತೆ ಬಿಡಿ. ಅಷ್ಟು ಕೆಳಗಿನ ಸ್ವರ ಅದರ ಬಾಯಿಂದ ಹೊರಡುವುದೇ ಇಲ್ಲ, ಹಾಗಾಗಿ ಅಲ್ಲಿ ಒಂದಿಷ್ಟೂ ಕೊಳೆಯಿಲ್ಲ.

ತಂತಿ ಮಂಕಾದರೆ ಬಿಚ್ಚಿ ಹತ್ತು ನಿಮಿಷ ನೀರಲ್ಲಿ ಕುದಿಸಿ, ಒರೆಸಿ, ಒಣಗಿಸಿ ಹಾಕಿ. ಬೆವರೂ ಮಿರ್ಚಿಭಜಿಯ ಎಣ್ಣೆಯೂ ಬಿಡುತ್ತವೆ. ಚಹಾದ ಪಾತ್ರೆ ಬೇಡ, ಮನೆಯಲ್ಲಿ ಜಗಳವಾಗುತ್ತದೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ ಕಡೆ ಹೊರಟಿದ್ದರೆ ಆಂಪ್ಲಿಫೈಯರಿಗೆ ಟವೆಲ್ ಹೊದಿಸಿ. ಅಲ್ಲಿ ಎರಚುವ ಭಂಡಾರ ನಾಬಿನ ಸಂದಿಯಲ್ಲಿ ಇಳಿದರೆ ತಿರುಗಿಸಿದಾಗಲೆಲ್ಲ ಕರಕರ ಎನ್ನುತ್ತದೆ. ದೇವರ ಪ್ರಸಾದಕ್ಕೆ ವಾರಂಟಿ ಅನ್ವಯಿಸುವುದಿಲ್ಲ.

ರಾತ್ರಿ 10ಕ್ಕೆ ಧ್ವನಿವರ್ಧಕ ಬಂದ್ ಎನ್ನುವುದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ಪೊಲೀಸರು ಬಂದರೂ ಗಾಬರಿಯಲ್ಲಿ ಕೇಬಲ್ ಕೀಳಬೇಡಿ. ಮೊದಲು ವಾಲ್ಯೂಮ್ ಇಳಿಸಿ, ಇಲ್ಲವಾದರೆ ಸ್ಪೀಕರ್ ಠಪ್ ಎನ್ನುತ್ತದೆ. ಪೆಡಲಿನ ಇನ್‌ಪುಟ್ ಜ್ಯಾಕ್ ಮಾತ್ರ ಮರೆಯದೆ ಕೀಳಿ: ಅದು ಸಿಕ್ಕಿಸಿದ್ದಷ್ಟು ಹೊತ್ತು ಒಳಗಿನ ಬ್ಯಾಟರಿ ಸುಮ್ಮನೆ ಉರಿಯುತ್ತಿರುತ್ತದೆ. ಮರೆತಿರೋ, ಮುಂದಿನ ವಾರ ಸುರಪುರದಲ್ಲಿ ಪೆಟ್ಟಿಗೆ ತೆರೆದಾಗ ಅದು ಸತ್ತಿರುತ್ತದೆ. ಆಗ 9 ವೋಲ್ಟ್ ಬ್ಯಾಟರಿ ಹುಡುಕಲು ಡ್ರಮ್ಮಿನವರನ್ನು ಬೈಕ್ ಮೇಲೆ ಕಳಿಸಿ. ಅವರ ವಾದ್ಯಕ್ಕೆ ಕರೆಂಟೂ ಬೇಡ, ಟ್ಯೂನರೂ ಬೇಡ.