ಆಂಗ್ಲ ಓಲೈಕೆ ಧಾತುಗಳು: ಒಂದು ಪಶುವೈದ್ಯಕೀಯ ಅಧ್ಯಯನ

ಮೊದಲು ಮಂಗಳಾಚರಣೆ. ಈ ಪ್ರಬಂಧದಲ್ಲಿ ಒಳ್ಳೆಯದೇನಾದರೂ ಇದ್ದರೆ ಅದು ನನ್ನ ಮಾರ್ಗದರ್ಶಕರದು, ತಪ್ಪುಗಳೆಲ್ಲ ನನ್ನವು. ವಿಷಯ ಪ್ರವೇಶಕ್ಕೆ ಮುನ್ನವೇ ವಿಷಯ ಶುರುವಾಗಿಬಿಟ್ಟಿತೆಂದು ಜಾಣ ಓದುಗರು ಗಮನಿಸಿರಬೇಕು.

ಸಮಸ್ಯೆ ಇಷ್ಟು. ಸಾಹೇಬರನ್ನು ಒಲಿಸಿಕೊಳ್ಳಲು ಕನ್ನಡಿಗ ಮನೆಯ ಸಾಮಾನಿನಲ್ಲೇ ಸುಧಾರಿಸಿಕೊಳ್ಳುತ್ತಾನೆ. ಅಡುಗೆಮನೆಯಿಂದ ಬೆಣ್ಣೆ ತಂದು ಹಚ್ಚುತ್ತಾನೆ, ಅದು ಸಾಲದಿದ್ದರೆ ಬಚ್ಚಲಿನಿಂದ ಬಕೆಟ್ ತಂದು ಹಿಡಿಯುತ್ತಾನೆ. ಇದೇ ಕೆಲಸಕ್ಕೆ ಇಂಗ್ಲಿಷಿನವನಿಗೆ ಒಂದು ಗೋದಾಮು ತುಂಬ ಕ್ರಿಯಾಪದಗಳು ಬೇಕು. ಪೂರ್ವಸೂರಿಗಳು ಇದನ್ನು ಶಬ್ದಸಂಪತ್ತು ಎಂದು ಹೊಗಳಿ ಕೈತೊಳೆದುಕೊಂಡಿದ್ದಾರೆ. ಹೊಗಳಿಕೆಯೇ ಅಧ್ಯಯನದ ವಸ್ತುವಾಗಿರುವಾಗ ಹೊಗಳುವುದು ವಿಧಾನದೋಷವೆಂದು ವಿನಯಪೂರ್ವಕ ಹೇಳಬಯಸುತ್ತೇನೆ.

ನನ್ನ ಸೂತ್ರ ಒಂದೇ: ತಾನು ಮಾಡಿದರೆ ಲ್ಯಾಟಿನ್, ಪಕ್ಕದವನು ಮಾಡಿದರೆ ಪ್ರಾಣಿ.

ಸೂತ್ರದ ಪೂರ್ವಾರ್ಧಕ್ಕೆ ವೃತ್ತಿ. ‘ಮಾಲಿಫೈ’ ಎಂದರೆ ಮೆತ್ತಗೆ ಮಾಡು. ರೊಟ್ಟಿಯ ಹಿಟ್ಟಿಗೂ ಮೇಲಧಿಕಾರಿಗೂ ಸಮಾನವಾಗಿ ಅನ್ವಯಿಸಬಹುದಾದ ಅರ್ಥ. ‘ಪ್ಯಾಸಿಫೈ’ ಎಂದರೆ ಶಾಂತಿ ಮಾಡಿಸು. ಅಮೆರಿಕದಲ್ಲಿ ಅಳುವ ಕೂಸಿನ ಬಾಯಿಗಿಡುವ ರಬ್ಬರು ಚೀಪಣಿಗೂ ಇದೇ ಮೂಲದ ಹೆಸರು. ‘ಪ್ರಪಿಶಿಯೇಟ್’ ಮುನಿದ ದೇವತೆಗಳಿಗೆ ಮೀಸಲು, ನಾವು ಮಾರಮ್ಮನಿಗೆ ಕೋಳಿ ಕೊಟ್ಟ ಹಾಗೆ. ‘ಅಪೀಸ್’ ಕೂಡ ಮೂಲದಲ್ಲಿ ಶಾಂತಿಯೇ, ಫ್ರೆಂಚರ ಮನೆಯಲ್ಲಿ ಬೆಳೆದು ಬಂದದ್ದು. ಬಹುಕಾಲ ಮರ್ಯಾದೆಯಿಂದ ಬಾಳಿದ್ದ ಈ ಪದ 1938ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ಗೆ ಹೋಗಿ ಕೆಟ್ಟಿತು. ಬ್ರಿಟನ್ನಿನ ಪ್ರಧಾನಿ ಚೇಂಬರ್ಲಿನ್ ಸಾಹೇಬರು ಹಿಟ್ಲರನನ್ನು ಸಮಾಧಾನಪಡಿಸಲು ಸುಡೆಟೆನ್‌ಲ್ಯಾಂಡ್ ಒಪ್ಪಿಸಿ, ಒಂದು ಕಾಗದ ಹಿಡಿದು ಊರಿಗೆ ಮರಳಿದರು. ಇಲ್ಲಿಯೂ ಕೋಳಿ ಕೊಟ್ಟಂತೆಯೇ ಆಯಿತು. ಆದರೆ ಕೋಳಿ ಪಕ್ಕದ ಮನೆಯ ಜೆಕೊಸ್ಲೊವಾಕಿಯಾದ್ದು. ಒಂದು ವರ್ಷ ತುಂಬುವ ಮೊದಲೇ ಯುದ್ಧ. ಅಂದಿನಿಂದ ಈ ಪದ ಬೈಗುಳದ ಪಟ್ಟಿಗೆ ವರ್ಗವಾಗಿದೆ.

ಇನ್ನು ಉತ್ತರಾರ್ಧ, ಅಂದರೆ ಕೊಟ್ಟಿಗೆ. ‘ಕರಿ ಫೇವರ್’ ಎಂಬ ಪ್ರಯೋಗದಲ್ಲಿ ನಮ್ಮ ಸಾರು, ಪಲ್ಯ, ಮಸಾಲೆ ಯಾವುದೂ ಇಲ್ಲ. ಇಲ್ಲಿ ‘ಕರಿ’ ಎಂದರೆ ಕುದುರೆಯ ಮೈ ಉಜ್ಜುವುದು. ‘ಫೇವರ್’ ಎಂಬುದು ಆ ಕುದುರೆಯ ಹೆಸರು; ಸ್ಪಷ್ಟವಾಗಿ ಹೇಳಬೇಕೆಂದರೆ ಫೊವೆಲ್. 14ನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನಲ್ಲಿ ಈ ಫೊವೆಲನ ಮೇಲೆ ಒಂದು ವಿಡಂಬನ ಕಾವ್ಯ ಹುಟ್ಟಿತು. ಮುಖಸ್ತುತಿ, ದುರಾಸೆ, ನೀಚತನ, ಚಂಚಲತೆ, ಹೊಟ್ಟೆಕಿಚ್ಚು, ಹೇಡಿತನ, ಈ ಆರರ ಫ್ರೆಂಚ್ ಮೊದಲಕ್ಷರ ಜೋಡಿಸಿದರೆ ಅದರ ಹೆಸರು. ಲಾಯ ಬಿಟ್ಟು ಅರಮನೆ ಸೇರಿದ ಈ ಪ್ರಾಣಿಯ ಮೈ ತಿಕ್ಕಲು ಪೋಪರೂ ರಾಜರೂ ಸಾಲುಗಟ್ಟುತ್ತಾರೆ. ಇಂಗ್ಲಿಷಿನವರು ಕೇಳಿ ಕಲಿತರು. ಕುದುರೆ ಮರೆತುಹೋಯಿತು, ಹೆಸರು ‘ಫೇವರ್’ ಎಂದು ಸವೆಯಿತು, ತಿಕ್ಕುವ ಕೆಲಸ ಮಾತ್ರ ಎಡೆಬಿಡದೆ ನಡೆದಿದೆ.

‘ಟೋಡಿ’ಯ ಚರಿತ್ರೆ ಊಟದ ಹೊತ್ತಿನಲ್ಲಿ ಓದತಕ್ಕದ್ದಲ್ಲ. ಸಂತೆಯಲ್ಲಿ ಮದ್ದು ಮಾರುವ ನಕಲಿ ವೈದ್ಯ ತನ್ನ ಚೇಲನಿಗೆ ನೆಲಗಪ್ಪೆ ತಿನ್ನಿಸುತ್ತಿದ್ದ, ಅಥವಾ ತಿಂದಂತೆ ನಟಿಸಲು ಹೇಳುತ್ತಿದ್ದ. ನೆಲಗಪ್ಪೆ ವಿಷವೆಂದು ಜನರ ನಂಬಿಕೆ. ಚೇಲ ಒದ್ದಾಡಬೇಕು, ವೈದ್ಯ ಮದ್ದು ಕೊಡಬೇಕು, ಬಾಟಲಿ ಖಾಲಿಯಾಗಬೇಕು. ಯಜಮಾನನಿಗಾಗಿ ಕಪ್ಪೆ ನುಂಗುವ ಹುದ್ದೆ ಇಂದಿಗೂ ಖಾಲಿ ಬಿದ್ದ ಉದಾಹರಣೆ ನನಗೆ ಸಿಕ್ಕಿಲ್ಲ. ‘ಫಾನ್’ ಬಗ್ಗೆ ಒಂದೇ ಮಾತು: ಅದು ಜಿಂಕೆಮರಿಯಲ್ಲ, ಬಾಲ ಅಲ್ಲಾಡಿಸುವ ನಾಯಿ.

‘ಕೌಟೌ’ ಸೂತ್ರಕ್ಕೆ ಅಪವಾದ. ಅದು ಚೀನಾದಿಂದ ಬಂದದ್ದು. 1793ರಲ್ಲಿ ಚಕ್ರವರ್ತಿ ಚಿಯೆನ್‌ಲುಂಗನ ಮುಂದೆ ಮೂರು ಸಲ ಮಂಡಿಯೂರಿ ಒಂಬತ್ತು ಸಲ ಹಣೆ ನೆಲಕ್ಕೆ ತಾಗಿಸಬೇಕೆಂದಾಗ ಬ್ರಿಟನ್ನಿನ ರಾಯಭಾರಿ ಮೆಕಾರ್ಟ್ನಿ ದೊರೆ ಒಪ್ಪದೆ ಒಂದು ಮಂಡಿ ಮಾತ್ರ ಊರಿದ. ಕೇಳಿದ ವ್ಯಾಪಾರದ ಸವಲತ್ತು ಸಿಗಲಿಲ್ಲ, ನಿಘಂಟಿಗೆ ಮಾತ್ರ ಒಂದು ಕ್ರಿಯಾಪದ ಸಿಕ್ಕಿತು.

ಕಡೆಯದಾಗಿ ‘ಸೂದ್’, ನನ್ನ ಹೆಮ್ಮೆಯ ಅಧ್ಯಾಯ. ಇದು ಲ್ಯಾಟಿನ್ನೂ ಅಲ್ಲ, ಪ್ರಾಣಿಯೂ ಅಲ್ಲ, ಅಪ್ಪಟ ಹಳೆಯ ಇಂಗ್ಲಿಷ್. ಮೂಲದಲ್ಲಿ ಇದರರ್ಥ ಸತ್ಯವೆಂದು ಸಾಬೀತುಪಡಿಸು. ಬರಬರುತ್ತ, ಎದುರಿನವನು ಹೇಳಿದ್ದನ್ನು ‘ನಿಜ’ ಎನ್ನು ಎಂದಾಯಿತು. ಆಮೇಲೆ, ಏನು ಹೇಳಿದರೂ ‘ನಿಜ’ ಎನ್ನು ಎಂದಾಯಿತು. ಹಾಗೆ ಅನ್ನಿಸಿಕೊಂಡವರೆಲ್ಲ ತಣ್ಣಗಾಗುವುದನ್ನು ಕಂಡು, ಸಂತೈಸು ಎಂಬಲ್ಲಿಗೆ ನಿಂತಿತು.

ಇಷ್ಟು ಬರೆದುಕೊಂಡು ಮೌಖಿಕ ಪರೀಕ್ಷೆಗೆ ಹೋದೆ. ಹಿರಿಯ ಪರೀಕ್ಷಕರು ಕುದುರೆಯ ಪುಟ ತೆರೆದು ಹುಬ್ಬು ಗಂಟಿಕ್ಕಿದರು. “ಏನಯ್ಯಾ ಇದು, ಕುದುರೆ ಗಿದುರೆ? ಬ್ರಿಟಿಷರು ನಮ್ಮ ಕೈಯಡುಗೆ ಉಂಡು ಮರುಳಾದರು, ಅದಕ್ಕೇ ‘ಕರಿ’ ಅಂತ ಬಂತು. ಅಷ್ಟೂ ಗೊತ್ತಾಗಲ್ವೇ?”

“ನಿಜ, ಸಾರ್” ಎಂದೆ.

ಹುಬ್ಬು ಸಡಿಲವಾಯಿತು.